ಬುಲೆಟ್‌ಗೆ ಪಿಸ್ಟನ್ ಕೂರಿಸಲು ಮನೆಯಲ್ಲೇ ಮಾಡಿಕೊಂಡ ಸಾಮಾನು: ನಾಲ್ಕು ಇಂಜಿನ್ ಆದ ಮೇಲೆ ನನ್ನ ಅಭಿಪ್ರಾಯ

ಬುಲೆಟ್ ಇಂಜಿನ್‌ಗೆ ಪಿಸ್ಟನ್ ಕೂರಿಸಲು ನಾಲ್ಕು ಕೈ ಬೇಕು. ಪಿಸ್ಟನ್ ಅಲ್ಲಾಡದಂತೆ ಹಿಡಿಯಲು ಒಂದು, ಅದರ ಸುತ್ತ ಕೂರುವ ರಿಂಗ್ ಒತ್ತಿ ಹಿಡಿಯಲು ಒಂದು, ಮೇಲಿನಿಂದ ಬ್ಯಾರೆಲ್ (ಪಿಸ್ಟನ್ ಓಡಾಡುವ ಕೊಳವೆ) ಇಳಿಸಲು ಎರಡು. ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ಸಿಗುವುದು ನನ್ನ ಎರಡು ಕೈ ಮಾತ್ರ. ಅಪ್ಪನಿಗೆ ಈಗ ಕೈ ನಡುಗುತ್ತದೆ, ಟಾರ್ಚ್ ಹಿಡಿದು ಪಕ್ಕದಲ್ಲಿ ಕೂರುತ್ತಾರೆ. ಹಾಗಾಗಿ ಉಳಿದ ಎರಡು ಕೈಯ ಕೆಲಸವನ್ನು ಮಾಡಿಕೊಡುವ ಸಾಮಾನು ನನಗೆ ಬೇಕಿತ್ತು. ಅಂಗಡಿಯಿಂದ ತಂದದ್ದು ಒಂದು, ಮನೆಯಲ್ಲಿ ಮಾಡಿಕೊಂಡದ್ದು ಐದಾರು. ಎಲ್ಲವನ್ನೂ ಬಳಸಿ ನೋಡಿ ಬರೆಯುತ್ತಿದ್ದೇನೆ. ಒಬ್ಬರೇ ಕೂತು ಮಾಡಬಹುದಾ ಅನ್ನುವುದೇ ನನ್ನ ಅಳತೆಗೋಲು. ಇಬ್ಬರಿದ್ದರೆ ಇದರಲ್ಲಿ ಕೆಲವು ಬೇಕಾಗಿಯೇ ಬರುವುದಿಲ್ಲ.

ನಾನು ಮೆಕ್ಯಾನಿಕ್ ಅಲ್ಲ. ಕೊಡಗಿನ ಮಾದಾಪುರದ ಹತ್ತಿರ ನಮ್ಮದು ಚಿಕ್ಕ ತೋಟ. ಕಾಫಿ, ಮೆಣಸು, ಸ್ವಲ್ಪ ಏಲಕ್ಕಿ. ಔಷಧಿ ಹೊಡೆಯುವ ಇಂಜಿನ್, ಕಳೆ ಕತ್ತರಿಸುವ ಮಿಷನ್, ಸ್ಪ್ರಿಂಕ್ಲರ್ ಪಂಪ್‌ಸೆಟ್, ಇವುಗಳ ರಿಪೇರಿಗೆ ಪ್ರತಿ ಸಲ ಪೇಟೆಗೆ ಓಡಲು ಆಗುವುದಿಲ್ಲ ಅಂತ ಇಪ್ಪತ್ತು ವರ್ಷದಿಂದ ನಾನೇ ಬಿಚ್ಚಿ ಕಲಿತಿದ್ದೇನೆ. ಅಪ್ಪನ ಗಾಡಿ 1987ರ ಬುಲೆಟ್ 350. ಬಲಗಾಲಿನ ಗೇರ್, ಎಡಗಾಲಿನ ಬ್ರೇಕ್. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಕಡೆಯೆಲ್ಲ ಗುಡ್ಡ ಜರಿದಾಗ ನಮ್ಮ ಮನೆ ಉಳಿಯಿತು, ಹಿಂದಿನ ಕೊಟ್ಟಿಗೆಗೆ ಕೆಸರು ನುಗ್ಗಿತು. ಗಾಡಿ ಸೀಟಿನವರೆಗೆ ಮುಳುಗಿತ್ತು. ಆ ವರ್ಷ ಗಾಡಿಯ ಬಗ್ಗೆ ಯೋಚಿಸುವ ಸ್ಥಿತಿಯಲ್ಲಿ ನಾವ್ಯಾರೂ ಇರಲಿಲ್ಲ. ಕೆಸರು ತೊಳೆದು, ಟಾರ್ಪಾಲ್ ಹೊದಿಸಿ ಬಿಟ್ಟೆವು. ಬಿಚ್ಚಿದ್ದು 2021ರ ಮಳೆಗಾಲದಲ್ಲಿ. ಕಿಕ್ಕರ್ ಮೇಲೆ ನಿಂತರೂ ಇಂಜಿನ್ ತಿರುಗುತ್ತಿರಲಿಲ್ಲ. ತುಕ್ಕು ಹಿಡಿದು ಪಿಸ್ಟನ್ ಬೋರಿಗೇ, ಅಂದರೆ ಬ್ಯಾರೆಲ್ಲಿನ ಒಳಗೋಡೆಗೇ, ಅಂಟಿತ್ತು.

ಕ್ರ್ಯಾಂಕ್, ಬೇರಿಂಗ್ ಕೆಲಸ ಗೊತ್ತಿದ್ದವರಿಗೆ ಬಿಟ್ಟೆ. ಅದಕ್ಕೆ ಪ್ರೆಸ್ ಬೇಕು, ಅನುಭವ ಬೇಕು. ಬೋರಿಂಗ್ ಕುಶಾಲನಗರದ ಒಂದು ಲೇತ್‌ನಲ್ಲಿ ಆಯಿತು. ಸ್ಟ್ಯಾಂಡರ್ಡ್ ಬೋರು 70 ಮಿಲಿಮೀಟರ್. ನಮ್ಮದು ಪ್ಲಸ್ ಇಪ್ಪತ್ತಕ್ಕೆ ಹೋಯಿತು, ಅಂದರೆ 20 ಥೌ (ಇಂಚಿನ ಸಾವಿರದಲ್ಲೊಂದು ಪಾಲು ಒಂದು ಥೌ) ಜಾಸ್ತಿ, ಅರ್ಧ ಮಿಲಿಮೀಟರ್ ಅಂದುಕೊಳ್ಳಿ. ಲೇತ್‌ನವರು ಬ್ಯಾರೆಲ್ ಕೊಡುವಾಗ, "ಅಕ್ಕ, ಇವತ್ತೇ ಎಣ್ಣೆ ಹಚ್ಚಿಡಿ, ನಾಳೆ ಅಂದ್ರೆ ಕೆಂಪಗಾಗುತ್ತೆ" ಅಂದರು. ಅದು ನಿಜ. ನಮ್ಮ ಜುಲೈ ತಿಂಗಳ ಗಾಳಿಯಲ್ಲಿ ಹೊಸದಾಗಿ ಕೊರೆದ ಕಬ್ಬಿಣದ ಬೋರು ಒಂದೇ ರಾತ್ರಿಗೆ ತುಕ್ಕಿನ ಬಣ್ಣಕ್ಕೆ ಬರುತ್ತದೆ. ನಾನು ಒಳಗೆಲ್ಲ ಇಂಜಿನ್ ಆಯಿಲ್ ಸವರಿ, ಎಣ್ಣೆ ಬಟ್ಟೆ ಸುತ್ತಿ, ಒಲೆಯ ಪಕ್ಕದ ಕಟ್ಟೆ ಮೇಲೆ ಇಟ್ಟಿದ್ದೆ. ಮಳೆಗಾಲದಲ್ಲಿ ಇಂಜಿನ್ ಕೆಲಸ ಮಾಡುವವರು ಇದನ್ನು ಮರೆಯಬೇಡಿ.

ಮೊದಲ ಸಲ ಯಾವ ಸಾಮಾನೂ ಇಲ್ಲದೆ ಕೂರಿಸಲು ಹೋದೆ. ಬೆರಳಿನಲ್ಲಿ ಎರಡು ರಿಂಗ್ ಒಳಗೆ ಹೋದವು. ಮೂರನೆಯದನ್ನು ತೆಳು ಸ್ಕ್ರೂಡ್ರೈವರ್‌ನಿಂದ ಒತ್ತುತ್ತಿದ್ದೆ, ಮೊಣಕಾಲಿನಿಂದ ಬ್ಯಾರೆಲ್‌ಗೆ ಆಸರೆ ಕೊಟ್ಟಿದ್ದೆ. ಬ್ಯಾರೆಲ್ ಒಂದು ಕಡೆಗೆ ವಾಲಿತು. "ಟಿಕ್" ಅಂತ ಸಣ್ಣ ಶಬ್ದ. ಅಷ್ಟೇ. ಎಷ್ಟು ಸಣ್ಣ ಶಬ್ದ ಅಂದರೆ ಹೊರಗಿನ ಮಳೆಯಲ್ಲಿ ಅಪ್ಪನಿಗೆ ಕೇಳಿಸಲೂ ಇಲ್ಲ. ನನಗೆ ಬೆರಳಿನಲ್ಲೇ ಗೊತ್ತಾಯಿತು. ಬ್ಯಾರೆಲ್ ಎತ್ತಿ ನೋಡಿದರೆ ರಿಂಗ್ ಎರಡು ತುಂಡು. ಎರಡೂ ತುಂಡನ್ನು ಪೇಪರ್ ಮೇಲೆ ಇಟ್ಟು, ಮುರಿದ ಬಾಯಿ ಸರಿಯಾಗಿ ಕೂರುತ್ತದಾ, ನಡುವೆ ಚೂರೇನಾದರೂ ಕಾಣೆಯಾಗಿದೆಯಾ ಅಂತ ಭೂತಗನ್ನಡಿ ಹಿಡಿದು ನೋಡಿದೆ. ಎರಕದ ಕಬ್ಬಿಣದ ರಿಂಗ್ ಬಾಗುವುದಿಲ್ಲ, ಗಾಜಿನ ಹಾಗೆ ಮುರಿಯುತ್ತದೆ. ಅಕ್ಕಿ ನುಚ್ಚಿನಷ್ಟು ಚೂರು ಕೆಳಗಿನ ಕ್ರ್ಯಾಂಕ್ ಕೇಸಿನೊಳಗೆ (ಇಂಜಿನ್ನಿನ ಅಡಿಯ ಪೆಟ್ಟಿಗೆ) ಬಿದ್ದಿದ್ದರೂ ಅಷ್ಟೂ ಖರ್ಚು ನೀರಿನಲ್ಲಿ ಹೋದಂತೆ. ಪುಣ್ಯಕ್ಕೆ ಬಾಯಿಗೆ ಬಾಯಿ ಸರಿಯಾಗಿ ಕೂತಿತು. ಆದರೂ ಒಂದು ಸೆಟ್ ರಿಂಗ್ ಹೋಯಿತು. ಹೊಸ ಸೆಟ್ ಮೈಸೂರಿನಿಂದ ಬರಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನದಲ್ಲೇ ಈ ಸಾಮಾನುಗಳು ಹುಟ್ಟಿದ್ದು.

ಮೊದಲು ಆನ್‌ಲೈನ್‌ನಲ್ಲಿ ರಿಂಗ್ ಒತ್ತಿ ಹಿಡಿಯುವ ಒಂದು ರಿಂಗ್ ಕಂಪ್ರೆಸರ್ ತರಿಸಿದೆ. ಹೆಸರು ಬೇಡ, ಸುಮಾರು ಎಲ್ಲ ಕಂಪನಿಯದೂ ಒಂದೇ ತರ ಇರುತ್ತದೆ. ಅಗಲವಾದ ಸ್ಪ್ರಿಂಗ್ ಸ್ಟೀಲ್ ಪಟ್ಟಿ ಸುರುಳಿಯಾಗಿ ಸುತ್ತಿರುತ್ತದೆ, ಕೀಲಿ ತಿರುಗಿಸಿದರೆ ಬಿಗಿಯಾಗುತ್ತದೆ. ಮಾಲು ಗಟ್ಟಿಯಾಗಿಯೇ ಇತ್ತು. ಕಾರು, ಜೀಪಿನ ಇಂಜಿನ್‌ಗೆ ಒಳ್ಳೆಯದು. ಅಲ್ಲಿ ಬ್ಲಾಕ್ ಕೆಳಗಿರುತ್ತದೆ, ಪಿಸ್ಟನ್ ಮೇಲಿನಿಂದ ಒಳಗೆ ಹೋಗುತ್ತದೆ. ಪಿಸ್ಟನ್ ಇಳಿದ ಮೇಲೆ ಕಂಪ್ರೆಸರ್ ಮೇಲೆಯೇ ಉಳಿಯುತ್ತದೆ, ಎತ್ತಿಕೊಂಡರಾಯಿತು. ಬುಲೆಟ್‌ನಲ್ಲಿ ಎಲ್ಲ ತಲೆಕೆಳಗು. ಪಿಸ್ಟನ್ ಮೊದಲೇ ರಾಡ್‌ಗೆ (ಅದನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್) ಕೂತಿರುತ್ತದೆ, ಬ್ಯಾರೆಲ್ ಮೇಲಿನಿಂದ ಅದರ ಮೇಲೆ ಇಳಿಯುತ್ತದೆ. ರಿಂಗ್‌ಗಳು ಒಳಗೆ ಹೋದ ಮೇಲೆ ಕಂಪ್ರೆಸರ್ ಬ್ಯಾರೆಲ್ಲಿನ ಕೆಳಗೆ, ರಾಡ್ ಸುತ್ತ ಸಿಕ್ಕಿಕೊಳ್ಳುತ್ತದೆ. ಅದರ ಸುರುಳಿ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲವಾದ್ದರಿಂದ ಹೊರಗೆ ತೆಗೆಯುವ ದಾರಿಯೇ ಇಲ್ಲ. ಪಟ್ಟಿಯ ಎತ್ತರವೂ ಜಾಸ್ತಿ. ಬೈಕಿನ ಸಿಂಗಲ್ ಸಿಲಿಂಡರ್‌ಗೆ ಇದನ್ನು ಕೊಳ್ಳಬೇಡಿ. ಕೊಳ್ಳುವುದೇ ಆದರೆ ಇಕ್ಕಳದ ಹಾಗೆ ಹಿಡಿಯುವ, ಬಾಯಿ ಬಿಚ್ಚುವ ಪಟ್ಟಿ ಇರುವಂಥದ್ದನ್ನು ನೋಡಿ.

ಇದರಿಂದ ಒಂದು ವಿಷಯ ಮಾತ್ರ ಸ್ಪಷ್ಟವಾಯಿತು. ನನಗೆ ಬೇಕಾದ ಸಾಮಾನು ಬಿಗಿ ಹಿಡಿಯಬೇಕು, ಕೆಲಸ ಆದ ಮೇಲೆ ಪೂರ್ತಿ ಬಾಯಿ ಬಿಚ್ಚಿ ಪಕ್ಕದಿಂದ ಹೊರಗೆ ಬರಬೇಕು. ಅಂಥದ್ದು ನಮ್ಮ ಪಂಪ್ ಮನೆಯಲ್ಲೇ ಮೊಳೆಗೆ ನೇತಾಡುತ್ತಿತ್ತು. ಹೋಸ್ ಕ್ಲಿಪ್. ಸ್ಕ್ರೂ ತಿರುಗಿಸಿ ಪೈಪಿಗೆ ಬಿಗಿಯುವ ಪಟ್ಟಿ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಹಾಕುವ ಎಲ್ಲರ ಮನೆಯಲ್ಲೂ ಇದು ಇರುತ್ತದೆ. ಮೂರು ಇಂಚಿನ ಪೈಪಿಗೆ ಬರುವ ಸೈಜ್ ಬುಲೆಟ್ ಪಿಸ್ಟನ್‌ಗೆ ಸರಿಯಾಗುತ್ತದೆ. ಸ್ಕ್ರೂ ಪೂರ್ತಿ ಸಡಿಲಿಸಿದರೆ ಪಟ್ಟಿಯ ಬಾಲ ಹೊರಗೆ ಬಂದು ಬಾಯಿ ತೆರೆದುಕೊಳ್ಳುತ್ತದೆ. ಸ್ಟೇನ್‌ಲೆಸ್ ಸ್ಟೀಲಿನದನ್ನೇ ತೆಗೆದುಕೊಳ್ಳಿ. ಕಡಿಮೆ ಬೆಲೆಯ ತಗಡಿನ ಕ್ಲಿಪ್ಪಿನ ಪಟ್ಟಿ ಗುಂಡಗೆ ಬಾಗುವುದಿಲ್ಲ, ಮೂಲೆ ಮೂಲೆಯಾಗಿ ಬಾಗುತ್ತದೆ.

ಬರೀ ಕ್ಲಿಪ್ ಹಾಕಿದರೆ ಸಾಲದು. ಅದರ ಪಟ್ಟಿಯಲ್ಲಿ ಸ್ಕ್ರೂ ಕಚ್ಚುವ ಓರೆ ಗೆರೆಗಳು ಕೊರೆದಿರುತ್ತವೆ. ರಿಂಗಿನ ಅಂಚು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಸ್ಕ್ರೂ ಇರುವ ಗೂಡಿನ ಕೆಳಗೆ ಪಟ್ಟಿ ಸ್ವಲ್ಪ ಉಬ್ಬಿರುತ್ತದೆ, ಅಲ್ಲಿ ರಿಂಗ್ ಹೊರಗೆ ಇಣುಕುತ್ತದೆ. ಅದಕ್ಕೆ ಒಳಗೊಂದು ತಗಡಿನ ಪಟ್ಟಿ ಬೇಕು. ನಾನು ಬಳಸಿದ್ದು ಹಳೆಯ ಬಿಸ್ಕೆಟ್ ಡಬ್ಬದ ತಗಡು. ಒಂದೂವರೆ ಇಂಚು ಅಗಲ. ಉದ್ದ ಪಿಸ್ಟನ್ ಸುತ್ತಳತೆಗಿಂತ ಒಂದು ಅರ್ಧ ಇಂಚು ಕಡಿಮೆ, ಬಾಯಿ ಒಂದರ ಮೇಲೊಂದು ಏರಬಾರದು. ತಗಡಿನ ಮೇಲಂಚನ್ನು ಒಂದು ಕೂದಲಿನಷ್ಟು ಹೊರಕ್ಕೆ ಮಡಿಸಿದ್ದೇನೆ, ಬ್ಯಾರೆಲ್ಲಿನ ಬಾಯಿ ಅದರ ಮೇಲೆ ಕೂತು ಪಟ್ಟಿಯನ್ನು ಸಮನಾಗಿ ಕೆಳಗೆ ತಳ್ಳುತ್ತದೆ. ಕತ್ತರಿಸಿದ ಅಂಚಿಗೆಲ್ಲ ಅರ ಹಾಕಿ, ನಂತರ ಎಮರಿ ಪೇಪರ್ ಹಾಕಿ, ಕೊನೆಗೆ ಹತ್ತಿ ಬಟ್ಟೆ ಸವರಿ ನೋಡಿದೆ. ಬಟ್ಟೆಯ ನೂಲು ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮತ್ತೆ ಎಮರಿ. ಇದಕ್ಕೇ ಒಂದು ಸಂಜೆ ಪೂರ್ತಿ ಹೋಯಿತು. ಹೋಗಲಿ. ಪಿಸ್ಟನ್ ಅಲ್ಯೂಮಿನಿಯಂ, ಚೂಪು ತಗಡು ತಾಗಿದರೆ ಗೀರು ಬಿದ್ದೇ ಬೀಳುತ್ತದೆ.

ಬಳಸುವ ಕ್ರಮ ಹೀಗೆ. ಮೂರೂ ರಿಂಗಿನ ಬಾಯಿಗಳನ್ನು (ಎರಡು ತುದಿಯ ನಡುವಿನ ಸಂದಿ) 120 ಡಿಗ್ರಿ ಅಂತರದಲ್ಲಿ ತಿರುಗಿಸಿಡಿ. ಒಂದೇ ಗೆರೆಯಲ್ಲಿ ಬಂದರೆ ಗ್ಯಾಸ್ ಆ ಸಂದಿಯಲ್ಲೇ ಕೆಳಗೆ ಇಳಿಯುತ್ತದೆ. ಪಿಸ್ಟನ್, ರಿಂಗ್, ತಗಡು, ಬೋರು, ನಾಲ್ಕಕ್ಕೂ ಎಣ್ಣೆ. ತಗಡು ಸುತ್ತಿ, ಮೇಲೆ ಕ್ಲಿಪ್ ಹಾಕಿ, ಸ್ಕ್ರೂ ಬಿಗಿಯುತ್ತಾ ಹೋಗಿ. ಕ್ಲಿಪ್ಪಿನ ಸ್ಕ್ರೂ ಗೂಡು ಯಾವ ರಿಂಗಿನ ಬಾಯಿಯ ಮೇಲೂ ಇರಬಾರದು. ಬಿಗಿ ಎಷ್ಟು ಅನ್ನುವುದನ್ನು ಬರೆದು ತಿಳಿಸುವುದು ಸ್ವಲ್ಪ ಕಷ್ಟ. ಪೂರ್ತಿ ಬಿಗಿದರೆ ಕ್ಲಿಪ್ ಪಿಸ್ಟನ್ನನ್ನೇ ಕಚ್ಚಿ ಹಿಡಿದು ಜಾರುವುದಿಲ್ಲ. ಸಡಿಲ ಬಿಟ್ಟರೆ ರಿಂಗ್ ಹೊರಗೆ ಬರುತ್ತದೆ. ನಾನು ನಿಲ್ಲುವವರೆಗೆ ಬಿಗಿದು, ಆಮೇಲೆ ಕಾಲು ಸುತ್ತು ಹಿಂದಕ್ಕೆ ಬಿಡುತ್ತೇನೆ. ಹೆಬ್ಬೆರಳಿನಿಂದ ತಳ್ಳಿದರೆ ಇಡೀ ಪಟ್ಟಿ ಪಿಸ್ಟನ್ ಮೇಲೆ ನಿಧಾನಕ್ಕೆ ಸುತ್ತ ತಿರುಗಬೇಕು, ತಾನಾಗಿ ಕೆಳಗೆ ಬೀಳಬಾರದು. ಅಷ್ಟು.

ಆಮೇಲೆ ಎರಡೂ ಕೈಯಲ್ಲಿ ಬ್ಯಾರೆಲ್ ಹಿಡಿದು ನೇರವಾಗಿ ಇಳಿಸಿ. ಬ್ಯಾರೆಲ್ಲಿನ ಕೆಳಬಾಯಿ ಒಳಗಡೆ ಸ್ವಲ್ಪ ಓರೆಯಾಗಿ ಕೊರೆದಿರುತ್ತದೆ, ರಿಂಗ್ ಒಳಗೆ ಜಾರಲಿ ಅಂತಲೇ. ಕೈಗೆ ಮೂರು ಸಲ ಸಣ್ಣದಾಗಿ ಏನೋ ದಾಟಿದಂತೆ ಗೊತ್ತಾಗುತ್ತದೆ. ಮೊದಲ ರಿಂಗ್, ಎರಡನೆಯದು, ಆಯಿಲ್ ರಿಂಗ್. ನಾನು ಬಾಯಿಬಿಟ್ಟು ಎಣಿಸುತ್ತೇನೆ. ಯಾವುದಾದರೂ ಒಂದು ಕಡೆ ತಡೆದಂತೆ ಅನಿಸಿದರೆ ಒತ್ತಬೇಡಿ. ಎತ್ತಿ, ಮತ್ತೆ ಮೊದಲಿನಿಂದ ಮಾಡಿ. ಒತ್ತಿದ್ದರಿಂದಲೇ ನನ್ನ ರಿಂಗ್ ಮುರಿದದ್ದು. ಮೂರೂ ದಾಟಿದ ಮೇಲೆ ಕ್ಲಿಪ್ ಕೆಳಗೆ ಪಿಸ್ಟನ್ನಿನ ಲಂಗದ (ರಿಂಗಿನ ಕೆಳಗಿನ ಭಾಗ) ಮೇಲೆ ಕೂತಿರುತ್ತದೆ. ಸ್ಕ್ರೂ ಬಿಚ್ಚಿ, ಬಾಯಿ ತೆರೆದು, ಪಕ್ಕಕ್ಕೆ ಎಳೆದುಕೊಳ್ಳಿ. ತಗಡೂ ಬರುತ್ತದೆ. ಹೊಸ ರಿಂಗ್ ಬಂದ ಮೇಲೆ ಒಂದು ರಾತ್ರಿ ಮಾಡಿದ ಎರಡನೇ ಪ್ರಯತ್ನಕ್ಕೆ ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಕರೆಂಟ್ ಹೋಗಿತ್ತು. ಅಪ್ಪ ಟಾರ್ಚ್ ಹಿಡಿದು, "ಎಷ್ಟಾಯ್ತು ಮಗಳೇ, ಎಷ್ಟಾಯ್ತು" ಅಂತ ಪ್ರತಿ ರಿಂಗಿಗೂ ಕೇಳುತ್ತಿದ್ದರು.

ಆದರೆ ಇಷ್ಟೂ ಕೆಲಸ ಸಾಧ್ಯವಾದದ್ದು ಕೆಳಗೆ ಮರದ ಕವಲು ಇದ್ದುದರಿಂದ. ಐದಾರು ಸಾಮಾನಿನಲ್ಲಿ ಒಂದನ್ನು ಮಾತ್ರ ಮಾಡಿಕೊಳ್ಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಕಂಪ್ರೆಸರ್ ಇಲ್ಲದೆ ಬೆರಳಿನಲ್ಲಾದರೂ ರಿಂಗ್ ಒತ್ತಬಹುದು. ಪಿಸ್ಟನ್ ರಾಡಿನ ತುದಿಯಲ್ಲಿ ಆ ಕಡೆ ಈ ಕಡೆ ತೂಗಾಡುತ್ತಿದ್ದರೆ ಏನೂ ಮಾಡಲಾಗುವುದಿಲ್ಲ.

ಕವಲು ಅಂದರೆ ಸರಳ. ಮರದ ಹಲಗೆಯ ತುಂಡು, ನಡುವೆ ಯು ಆಕಾರದ ಸೀಳು. ಸೀಳು ರಾಡಿನ ಎರಡೂ ಪಕ್ಕಕ್ಕೆ ಬರುತ್ತದೆ, ಹಲಗೆ ಕ್ರ್ಯಾಂಕ್ ಕೇಸಿನ ಬಾಯಿಯ ಮೇಲೆ ಅಡ್ಡ ಕೂರುತ್ತದೆ. ಇಂಜಿನ್ ನಿಧಾನಕ್ಕೆ ತಿರುಗಿಸಿ ಪಿಸ್ಟನ್ ಕೆಳಗಿಳಿಸಿದರೆ ಅದರ ಲಂಗದ ಅಂಚು ಹಲಗೆಯ ಮೇಲೆ ಬಂದು ನಿಲ್ಲುತ್ತದೆ. ಆಮೇಲೆ ಪಿಸ್ಟನ್ ಕಲ್ಲಿನ ಹಾಗೆ. ವಾಲುವುದಿಲ್ಲ, ತಿರುಗುವುದಿಲ್ಲ. ರಿಂಗ್ ಒಳಗೆ ಹೋದ ಮೇಲೆ ಪಿಸ್ಟನ್ ಒಂದು ಚೂರು ಮೇಲೆತ್ತಿ ಹಲಗೆಯನ್ನು ಪಕ್ಕಕ್ಕೆ ಎಳೆದುಕೊಂಡರಾಯಿತು.

ಮೊದಲು ಸಿಲ್ವರ್ ಓಕಿನಲ್ಲಿ ಮಾಡಿದೆ. ತೋಟದಲ್ಲಿ ಬೇಕಾದಷ್ಟು ಬಿದ್ದಿತ್ತು, ಗರಗಸಕ್ಕೂ ಸುಲಭ. ಎರಡನೇ ಸಲ ಬಳಸುವ ಹೊತ್ತಿಗೆ ಸೀಳಿನ ಒಳಅಂಚಿನಲ್ಲಿ ಮರದ ಎಳೆ ಎದ್ದಿತ್ತು. ಕ್ರ್ಯಾಂಕ್ ಕೇಸಿನ ಬಾಯಿಯ ಮೇಲೆ ಕೂರುವ ಸಾಮಾನಿನಿಂದ ಎಳೆ ಉದುರುವುದು ಅಂದರೆ ಆಗದ ಮಾತು. ನಮ್ಮೂರ ಆಚಾರ್ರಿಗೆ ತೋರಿಸಿದೆ. ಅವರು ಅದನ್ನು ಉಗುರಿನಿಂದ ಕೆರೆದು ನೋಡಿ, "ಇದಕ್ಕೆ ಹಲಸು ಬೇಕು" ಅಂದು ಹಳೆಯ ಬಾಗಿಲ ಚೌಕಟ್ಟಿನ ತುಂಡೊಂದನ್ನು ಹುಡುಕಿ ತಂದರು. ಒಣಗಿ ಎಷ್ಟೋ ವರ್ಷ ಆಗಿದ್ದ ಹಲಸು. ಅರಿಶಿನದ ಬಣ್ಣ ಕಂದಿಗೆ ತಿರುಗಿತ್ತು. ಉಳಿಯಲ್ಲಿ ಸೀಳು ತೆಗೆದು, ಎಲ್ಲ ಅಂಚನ್ನೂ ಉರುಟು ಮಾಡಿ, ಕೊಬ್ಬರಿ ಎಣ್ಣೆ ತಿಕ್ಕಿ ಕೊಟ್ಟರು. ದುಡ್ಡು ಬೇಡ ಅಂದರು, ಒಂದು ಕಿಲೋ ಕಾಫಿ ಪುಡಿ ಕೊಟ್ಟೆ. ಆಮೇಲೆ ಕವಲು ಬೇಕಾದ ಇಂಜಿನ್‌ಗೆಲ್ಲ ಅದೇ ಮರ. ಇವತ್ತಿಗೂ ಅದರಲ್ಲಿ ಒಂದು ಎಳೆ ಎದ್ದಿಲ್ಲ.

ಅಳತೆ ಗಾಡಿಗೆ ತಕ್ಕಂತೆ ನೀವೇ ತೆಗೆಯಬೇಕು. ಸೀಳಿನ ಅಗಲ ರಾಡಿನ ಅಗಲಕ್ಕಿಂತ ಎರಡೂ ಕಡೆ ಮೂರು ಮೂರು ಮಿಲಿಮೀಟರ್ ಜಾಸ್ತಿ ಇರಲಿ. ದಪ್ಪ ನಿರ್ಧರಿಸುವಾಗ ಒಂದನ್ನು ನೆನಪಿಡಿ. ಪಿಸ್ಟನ್ ಹಲಗೆಯ ಮೇಲೆ ಕೂತಾಗ ಕೊನೆಯ ರಿಂಗಿನ ಕೆಳಗೆ, ಇಳಿದು ಬಂದ ಕ್ಲಿಪ್ ಕೂರಲು ಜಾಗ ಉಳಿಯಬೇಕು. ಇನ್ನೊಂದು ಎಚ್ಚರಿಕೆ. ಬ್ಯಾರೆಲ್ ಕೆಳಗಿನ ಪೇಪರ್ ಪ್ಯಾಕಿಂಗ್ ಅನ್ನು ಮೊದಲೇ ಹಾಕಿರಬೇಕಲ್ವಾ, ಹಲಗೆ ಅದರ ಮೇಲೆಯೇ ಕೂರುತ್ತದೆ. ಎಳೆಯುವಾಗ ಪ್ಯಾಕಿಂಗ್ ಹರಿಯುವ ಸಾಧ್ಯತೆ ಇದೆ. ನನ್ನದು ಒಂದು ಸಲ ಹರಿದಿದೆ, ನಾಲ್ಕು ರಿಂಗ್ ಕೆಲಸದ ಬೇಸರ ಒಂದೇ ಪ್ಯಾಕಿಂಗ್‌ನಲ್ಲಿ ಬಂತು. ಕೆಳಭಾಗ ನುಣುಪಾಗಿರಲಿ, ಎಳೆಯುವ ಬದಲು ಎತ್ತಿ ತೆಗೆಯಿರಿ.

ಪಿಸ್ಟನ್ನನ್ನು ರಾಡಿಗೆ ಜೋಡಿಸುವ ಗಜನ್ ಪಿನ್ ತೆಗೆಯುವ ಸಾಮಾನಿನ ಬಗ್ಗೆಯೂ ಹೇಳಬೇಕು. ಕೂರಿಸುವುದಕ್ಕಿಂತ ಮೊದಲು ಹಳೆಯ ಪಿಸ್ಟನ್ ಹೊರಗೆ ಬರಬೇಕಲ್ಲ. ನಮ್ಮದು ಕೆಸರು ನೀರಿನಲ್ಲಿದ್ದ ಗಾಡಿ, ಪಿನ್ ಜಗ್ಗಲಿಲ್ಲ. ಸುತ್ತಿಗೆಯಲ್ಲಿ ಹೊಡೆದು ತೆಗೆಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಆ ಪೆಟ್ಟು ಪೂರ್ತಿ ಹೋಗುವುದು ಕನೆಕ್ಟಿಂಗ್ ರಾಡಿಗೆ. ರಾಡ್ ಕೂದಲಿನಷ್ಟು ಬಾಗಿದರೂ ಹೊಸ ಪಿಸ್ಟನ್ ಒಂದೇ ಪಕ್ಕಕ್ಕೆ ಉಜ್ಜಿ ಬೇಗ ಹಾಳಾಗುತ್ತದೆ.

ಪಿನ್ ಒಳಗೆ ಟೊಳ್ಳು. ಅದೇ ಇಲ್ಲಿ ಅನುಕೂಲ. ಒಂದು ಉದ್ದ ಥ್ರೆಡ್ ರಾಡನ್ನು ಪಿನ್ನಿನ ಒಳಗೆ ತೂರಿಸಿ. ಒಂದು ತುದಿಗೆ ಪಿನ್ನಿನ ತೂತಿಗಿಂತ ದೊಡ್ಡದು, ಆದರೆ ಪಿನ್ನಿನ ಹೊರ ಅಳತೆಗಿಂತ ಚಿಕ್ಕದು, ಅಂಥ ವಾಷರ್ ಮತ್ತು ನಟ್. ಇನ್ನೊಂದು ತುದಿಗೆ ಪಿನ್ ಸಲೀಸಾಗಿ ಒಳಗೆ ಹೋಗುವಷ್ಟು ಬಾಯಿಯ ಕಬ್ಬಿಣದ ಪೈಪ್ ತುಂಡು, ಅದರ ಮೇಲೆ ದೊಡ್ಡ ವಾಷರ್, ನಟ್. ಪೈಪಿನ ಬಾಯಿ ಪಿಸ್ಟನ್ನಿಗೆ ತಾಗುವ ಕಡೆ ಹಳೆಯ ಚಪ್ಪಲಿಯ ಚರ್ಮ ಕತ್ತರಿಸಿ ಇಟ್ಟೆ. ನಟ್ ತಿರುಗಿಸುತ್ತಾ ಹೋದರೆ ಪಿನ್ ಮೆಲ್ಲಗೆ ಪೈಪಿನೊಳಗೆ ಬರುತ್ತದೆ. ಅದಕ್ಕೂ ಮೊದಲು ಪಿನ್ ಹೊರಗೆ ಬಾರದಂತೆ ಎರಡೂ ಕಡೆ ತಡೆಯುವ ಲಾಕ್ ತೆಗೆದಿರಬೇಕು, ಇದನ್ನು ಮರೆತವರನ್ನೂ ನೋಡಿದ್ದೇನೆ.

ನಮ್ಮದು ಇಷ್ಟಕ್ಕೂ ಜಗ್ಗಲಿಲ್ಲ. ಕುದಿಯುವ ನೀರಿನಲ್ಲಿ ಬಟ್ಟೆ ಅದ್ದಿ ಪಿಸ್ಟನ್ ಸುತ್ತ ಸುತ್ತಿದೆ. ನೀರು ಕ್ರ್ಯಾಂಕ್ ಕೇಸಿಗೆ ಇಳಿಯದಂತೆ ಬಾಯಿಗೆ ಮೊದಲೇ ಬಟ್ಟೆ ತುರುಕಿ, ಮೇಲೆ ಪ್ಲಾಸ್ಟಿಕ್ ಹಾಕಿದ್ದೆ. ಅಲ್ಯೂಮಿನಿಯಂ ಬಿಸಿಗೆ ಉಕ್ಕಿನ ಎರಡರಷ್ಟು ಹಿಗ್ಗುತ್ತದೆ. ಪಿಸ್ಟನ್ನಿನ ತೂತು ಹಿಗ್ಗುತ್ತದೆ, ಪಿನ್ ಅಷ್ಟಾಗಿ ಹಿಗ್ಗುವುದಿಲ್ಲ. ಮೂರನೇ ಸಲ ಬಿಸಿ ಬಟ್ಟೆ ಬದಲಿಸಿದಾಗ ನಟ್ ಇದ್ದಕ್ಕಿದ್ದಂತೆ ಹಗುರವಾಯಿತು. ಹೊಸ ಪಿಸ್ಟನ್ನಿಗೆ ಪಿನ್ ಹಾಕುವಾಗಲೂ ಇದೇ ಉಪಾಯ. ಪಿಸ್ಟನ್ನನ್ನು ಹತ್ತು ನಿಮಿಷ ಬಿಸಿ ನೀರಿನಲ್ಲಿಟ್ಟು, ಒರೆಸಿ, ಎಣ್ಣೆ ಹಚ್ಚಿದರೆ ಪಿನ್ ಹೆಬ್ಬೆರಳಿನಲ್ಲೇ ಹೋಗುತ್ತದೆ. ಅದಕ್ಕೆಂದೇ ಒಂದು ಹಳೇ ಪಾತ್ರೆ ಬೇರೆ ಇಟ್ಟುಕೊಂಡಿದ್ದೇನೆ, ಅಡುಗೆಯದನ್ನು ಮುಟ್ಟುವುದಿಲ್ಲ. ಬೆಂಕಿಯ ಜ್ವಾಲೆ ನೇರ ತೋರಿಸಬೇಡಿ.

ಈ ಎಳೆಯುವ ಸಾಮಾನಿಗೆ ಪೂರ್ತಿ ಅಂಕ ಕೊಡಲಾರೆ. ಹಾರ್ಡ್‌ವೇರ್ ಅಂಗಡಿಯ ಥ್ರೆಡ್ ರಾಡ್ ಮೆತ್ತಗಿರುತ್ತದೆ. ಮೊದಲು ತಂದ ತೆಳು ರಾಡಿನ ಥ್ರೆಡ್ ಆ ಪಿನ್ನಿಗೇ ಸವೆದು ಹೋಯಿತು. ಪಿನ್ನಿನೊಳಗೆ ಹಿಡಿಯುವಷ್ಟು ದಪ್ಪ ರಾಡನ್ನೇ ತನ್ನಿ, ಥ್ರೆಡ್‌ಗೆ ಗ್ರೀಸ್ ಹಚ್ಚಿ.

ರಿಂಗನ್ನು ಪಿಸ್ಟನ್ನಿನಲ್ಲಿ ಅದು ಕೂರುವ ತೋಡಿಗೆ ಏರಿಸುವಾಗ ಬಳಸುವುದು ಮೂರು ತಗಡಿನ ಕಡ್ಡಿ ಮಾತ್ರ. ಅದೇ ಬಿಸ್ಕೆಟ್ ಡಬ್ಬದ ಉಳಿದ ತಗಡು, ಬೆರಳ ಉಗುರಿನಷ್ಟು ಅಗಲ. ರಿಂಗಿನ ಎರಡು ತುದಿಯ ಕೆಳಗೆ ಒಂದೊಂದು, ಹಿಂದೆ ಒಂದು ಇಟ್ಟು, ಅವುಗಳ ಮೇಲೆ ರಿಂಗನ್ನು ಜಾರಿಸಿ, ತೋಡು ಬಂದಾಗ ಕಡ್ಡಿ ಎಳೆಯುವುದು. ಬಾಯಿ ಜಾಸ್ತಿ ಅಗಲಿಸಬೇಕಾಗುವುದಿಲ್ಲ, ಮುರಿಯುವ ಭಯ ಕಡಿಮೆ. ಕೆಳಗಿನ ರಿಂಗ್ ಮೊದಲು. ಗುರುತು ಇರುವ ಮುಖ ಮೇಲಕ್ಕೆ.

ಅದಕ್ಕೂ ಮೊದಲು ರಿಂಗನ್ನು ಬರೀ ಬೋರಿನೊಳಗೆ ಇಳಿಸಿ ಬಾಯಿಯ ಸಂದಿ ನೋಡಬೇಕು. ಪಿಸ್ಟನ್ನಿನ ತಲೆಯಿಂದ ತಳ್ಳಿದರೆ ರಿಂಗ್ ನೇರ ಕೂರುತ್ತದೆ. ಒಂದು ಇಂಚು ಬೋರಿಗೆ 4 ಥೌ ಅನ್ನುವುದು ಹಳೆಯ ಲೆಕ್ಕ. ಬುಲೆಟ್‌ಗೆ ಸುಮಾರು 11 ಥೌ ಬರುತ್ತದೆ. ನಮ್ಮದು 13 ಇತ್ತು. ಇದನ್ನು ಅಳೆಯಲು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಉಕ್ಕಿನ ಎಲೆಗಳು) ಬೇಕೇ ಬೇಕು. ಅದನ್ನು ಮನೆಯಲ್ಲಿ ಮಾಡಲಾಗುವುದಿಲ್ಲ, ಒಳ್ಳೆಯದನ್ನೇ ಕೊಳ್ಳಿ. ಪಿನ್ನಿನ ಲಾಕ್‌ಗಳೂ ಅಷ್ಟೆ, ಪ್ರತಿ ಸಲ ಹೊಸದು. ಹಳೆಯ ಲಾಕ್ ಮತ್ತೆ ಹಾಕಬೇಡಿ, ಅದು ಹಾರಿದರೆ ಬೋರನ್ನೇ ಕೊರೆಯುತ್ತದೆ. ಲಾಕ್ ಹಾಕುವಾಗ ಕ್ರ್ಯಾಂಕ್ ಕೇಸಿನ ಬಾಯಿಗೆ ಎಳೆ ಬಿಡದ ಬಟ್ಟೆ ತುರುಕಿ. ಬನಿಯನ್ ವೇಸ್ಟ್ ಬೇಡ, ಅದರ ನೂಲು ಎಲ್ಲೆಲ್ಲೂ ಹೋಗುತ್ತದೆ. ನಾನು ಹಳೇ ಕಾಟನ್ ಸೀರೆ ಬಳಸುತ್ತೇನೆ.

ಪಕ್ಕದ ತೋಟದವರ ಬುಲೆಟ್‌ಗೆ ಬೇರೆ ರೀತಿಯ ಕಂಪ್ರೆಸರ್ ಮಾಡಿ ನೋಡಿದೆ. 75 ಮಿಲಿಮೀಟರಿನ ಪಿವಿಸಿ ಪೈಪಿನ ಎರಡು ಇಂಚು ತುಂಡು. ಪೈಪಿನ 75 ಹೊರಗಿನ ಅಳತೆ, ಒಳಗಿನದು 70ಕ್ಕೆ ಹತ್ತಿರ ಬರುತ್ತದೆ, ಗೋಡೆಯ ದಪ್ಪದ ಮೇಲೆ ಹೋಗುತ್ತದೆ. ಉದ್ದಕ್ಕೆ ಒಂದು ಸೀಳು ಕೊಟ್ಟು, ಮೇಲೆ ಅದೇ ಹೋಸ್ ಕ್ಲಿಪ್ ಹಾಕಿದೆ. ಪಿಸ್ಟನ್ನಿಗೆ ಗೀರು ಬೀಳುವ ಭಯ ಇಲ್ಲವೇ ಇಲ್ಲ, ಜಾರುವುದೂ ತಗಡಿಗಿಂತ ಚೆನ್ನ. ತೊಂದರೆ ತೆಗೆಯುವಾಗ. ಪೈಪ್ ತಗಡಿನಷ್ಟು ಬಾಯಿ ಬಿಡುವುದಿಲ್ಲ. ಎರಡು ಕಡೆ ಸೀಳಿ ಎರಡು ಹೋಳು ಮಾಡಿದ ಮೇಲೆ ಸರಿಯಾಯಿತು. ಈಗ ನನಗೆ ತಗಡಿಗಿಂತ ಇದೇ ಇಷ್ಟ. ಆದರೆ ಚಳಿಗಾಲದಲ್ಲಿ ಹಳೇ ಪೈಪ್ ಸಿಡಿಯುತ್ತದೆ, ಬಿಸಿಲಿಗೆ ಬಿದ್ದಿದ್ದನ್ನು ಬಳಸಬೇಡಿ. ಹೊಸ ತುಂಡೇ ಇರಲಿ.

ಚಿಕ್ಕಪ್ಪನ ಯೆಜ್ಡಿಗೆ, ತಂಗಿಯ ಗಂಡನ ಆರ್‌ಎಕ್ಸ್ 100ಕ್ಕೆ ಇಷ್ಟೆಲ್ಲ ಬೇಕಾಗಲಿಲ್ಲ. ಟೂ ಸ್ಟ್ರೋಕ್, ಆಯಿಲ್ ರಿಂಗ್ ಇಲ್ಲ. ಆರ್‌ಎಕ್ಸ್ ಬೋರು 50 ಮಿಲಿಮೀಟರ್, ಬ್ಯಾರೆಲ್ ಒಂದು ಕೈಯಲ್ಲಿ ಹಿಡಿಯಬಹುದು, ಬೆರಳೇ ಸಾಕು. ಅಲ್ಲಿ ನೋಡಬೇಕಾದದ್ದು ಬೇರೆ. ರಿಂಗಿನ ತೋಡಿನೊಳಗೆ ಒಂದು ಸಣ್ಣ ಮೊಳೆ ಇರುತ್ತದೆ, ರಿಂಗಿನ ಬಾಯಿ ಅದಕ್ಕೇ ಕೂರಬೇಕು. ತಪ್ಪಿದರೆ ರಿಂಗ್ ಮುರಿಯುತ್ತದೆ, ಅಥವಾ ಬೋರಿನ ಗೋಡೆಯಲ್ಲಿರುವ ಕಿಂಡಿಗೆ (ಪೋರ್ಟ್) ಸಿಕ್ಕಿಕೊಳ್ಳುತ್ತದೆ. ಯೆಜ್ಡಿಗೆ ಮಾತ್ರ ಹಲಸಿನ ಕವಲು ಬಳಸಿದೆ, ಅದರ ಬೋರು 65, ಬ್ಯಾರೆಲ್ಲೂ ಕಬ್ಬಿಣ. ಆರ್‌ಎಕ್ಸ್‌ಗೆ ಅಗಲವಾದ ಕೇಬಲ್ ಟೈ ಹಾಕಿ ನೋಡಿದೆ. ಒಂದೇ ಸಲಕ್ಕೆ ಕೆಲಸ ಆಯಿತು, ಕತ್ತರಿಸಿ ಬಿಸಾಡಿದೆ. ಕಟ್ಟುಕಂಬಿ ಸುತ್ತುವುದನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ನಾನು ಹಳೆಯ ಪಿಸ್ಟನ್ ಮೇಲೆ ಪ್ರಯತ್ನಿಸಿದೆ, ಉದ್ದಕ್ಕೂ ಗೀರು.

ನಮ್ಮ ಬುಲೆಟ್ ಮೊದಲ ಸಲ ಸ್ಟಾರ್ಟ್ ಆದದ್ದು ಆಗಸ್ಟ್ ಕೊನೆಗೆ, ಮಳೆ ಬಿಟ್ಟ ಒಂದು ಬೆಳಿಗ್ಗೆ. ಕಿಕ್ ಹೊಡೆಯಲು ಅಪ್ಪನಿಗೆ ಆಗುವುದಿಲ್ಲ. ಆಮೀಟರ್ ಮುಳ್ಳು ನಡುವಿಗೆ ಬರುವವರೆಗೆ ಕಿಕ್ಕರ್ ನಿಧಾನಕ್ಕೆ ಒತ್ತು, ಅಲ್ಲಿ ಇಂಜಿನ್ನಿನ ಒತ್ತಡ ಬಿಡಿಸುವ ಡೀಕಂಪ್ರೆಸರ್ ಹಿಡಿದು ಒಂದು ಚೂರು ದಾಟಿಸು, ಆಮೇಲೆ ಪೂರ್ತಿ ಹೊಡೆ ಅಂತ ಪಕ್ಕದಲ್ಲಿ ನಿಂತು ಹೇಳಿದರು. ನಾಲ್ಕನೇ ಕಿಕ್‌ಗೆ ಹಿಡಿಯಿತು. ಮೊದಲ 500 ಕಿಲೋಮೀಟರ್ ನಲವತ್ತರ ಮೇಲೆ ಹೋಗಲಿಲ್ಲ, ಸುಂಟಿಕೊಪ್ಪ ದಾರಿಯ ಏರಿನಲ್ಲಿ ಎರಡು ಕಡೆ ನಿಲ್ಲಿಸಿ ತಣಿಸಿದೆ. ಈಗ ಹನ್ನೊಂದು ಸಾವಿರ ಕಿಲೋಮೀಟರ್ ಆಗಿದೆ. ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಇಲ್ಲ. ಅಪ್ಪ ತಿಂಗಳಿಗೊಮ್ಮೆ ಹಿಂದಿನ ಸೀಟಿನಲ್ಲಿ ಕೂತು ಮಡಿಕೇರಿಗೆ ಬರುತ್ತಾರೆ.

ಹಲಸಿನ ಕವಲು, ಪಿವಿಸಿ ಹೋಳು, ಕ್ಲಿಪ್, ಮೂರು ಕಡ್ಡಿ, ಎಲ್ಲವೂ ಎಣ್ಣೆ ಬಟ್ಟೆ ಸುತ್ತಿದ ಒಂದೇ ಡಬ್ಬದಲ್ಲಿವೆ. ಬಿಸ್ಕೆಟ್ ಡಬ್ಬದ ಮುಚ್ಚಳ ಮಾತ್ರ ಇಲ್ಲ, ಅದೇ ತಗಡು ಆಯಿತಲ್ಲ. ಸೋಮವಾರಪೇಟೆ, ಮಾದಾಪುರ, ಸುಂಟಿಕೊಪ್ಪ ಕಡೆಯವರು ಯಾರಾದರೂ ಬುಲೆಟ್ ಬಿಚ್ಚಿ ಕೂತಿದ್ದರೆ ಒಯ್ಯಬಹುದು. ಮರವನ್ನು ನೀರಿಗೆ ಹಾಕದೆ, ಒರೆಸಿ ವಾಪಸ್ ಕೊಟ್ಟರೆ ಸಾಕು.